ಬ್ಯಾಡಗಿಯ ಗೇಮ್ ಮಷಿನ್ನು, ಕಣ್ಣಿಗೆ ಬಿದ್ದ ಖಾರ

ಮಷಿನ್ನಿನ ಬೆನ್ನಿಗೆ ಕೂತು ಹನ್ನೊಂದನೇ ಕೆಪಾಸಿಟರಿಗೆ ಬೆಸುಗೆ ಹಾಕುವ ಹೊತ್ತಿಗೆ, ಬ್ಯಾಡಗಿಯ ಮಧ್ಯಾಹ್ನದ ಸೆಖೆ ನನ್ನನ್ನು ಅರ್ಧ ಬೇಯಿಸಿತ್ತು.

2004-05ರ ಸುಮಾರು. ಆಗ ಹಾವೇರಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ.

ಗಿರಿಜಕ್ಕ ಬ್ಯಾಡಗಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಯಿನ್ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಇಟ್ಟಿದ್ದರು. ಹಿತ್ತಲಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಮುಂದೆ ಬಂದು ಗೇಮ್ ನೋಡಿಕೊಳ್ಳುವುದು, ಎರಡೂ ಅವರದೇ ಕೆಲಸ.

ಆ ಮಷಿನ್ ನನ್ನ ಮದುವೆಗಿಂತ ಹಳೆಯದು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಗಡಗಡ ನಡುಗುತ್ತಿತ್ತು. ಒಳಗೆ ಸಣ್ಣ ಡಬ್ಬಿಗಳಂಥ ಕೆಪಾಸಿಟರುಗಳು ಒಣಗಿ, ಕೆಲವು ತಲೆ ಉಬ್ಬಿಸಿಕೊಂಡಿದ್ದವು.

ರಾಣೆಬೆನ್ನೂರಿನಿಂದ ಹೊಸವು ತಂದು ಒಂದೊಂದಾಗಿ ಬದಲಾಯಿಸಿದೆ. ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಪಟಾಕಿಯೇ... ಮೂರು ಸಲ ನೋಡಿ ಸ್ವಿಚ್ ಹಾಕಿದೆ.

ಸುಂಯ್... ಚಿತ್ರ ಬಂತು. ನಡುಕ ಇಲ್ಲ.

ಇನ್ನು ಚಿತ್ರದ ಅಳತೆ ಸರಿಮಾಡಬೇಕು. ಅದನ್ನು ಕರೆಂಟ್ ಇರುವಾಗಲೇ ಮಾಡಬೇಕು, ಪಿಕ್ಚರ್ ಟ್ಯೂಬಿಗೆ ಹೋಗುವುದು ಇಪ್ಪತ್ತು ಸಾವಿರ ವೋಲ್ಟು. ಅದಕ್ಕೇ ಎಡಗೈ ಬೆನ್ನ ಹಿಂದೆ, ಬಲಗೈ ಮಾತ್ರ ಒಳಗೆ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕವೇ ದಾಟುತ್ತದೆ.

ಗಿರಿಜಕ್ಕ ಮುಂದೆ ನಿಂತು ಚಿತ್ರ ನೋಡಿ ಹೇಳುತ್ತಿದ್ದರು. "ಬಲಕ್ಕ ಇನ್ನೂ ಕರೀ ಪಟ್ಟಿ ಐತ್ರಿ ಅಣ್ಣಾರ... ಹಾಂ, ಈಗ ತುಂಬಾಕತ್ತೈತಿ ನೋಡ್ರಿ."

ತಿರುಗಿಸುವ ಗುಂಡಿಯ ಮೇಲೆ ದಪ್ಪಗೆ ಧೂಳು. ನಮ್ಮ ಮೆಕ್ಯಾನಿಕ್ ಜಾತಿಯ ಚಟ ಒಂದೇ, ಧೂಳು ಕಂಡರೆ ಊದುವುದು. ಬ್ಯಾಡಗಿಯವನಾಗಿದ್ದರೆ ಊದುತ್ತಿರಲಿಲ್ಲ. ನಾನು ಹಾವೇರಿಯವ, ಊದಿದೆ.

ಅದು ಧೂಳಲ್ಲ. ಹಿತ್ತಲಿನಿಂದ ವರ್ಷಗಟ್ಟಲೆ ಹಾರಿ ಬಂದು ಕೂತ ಮೆಣಸಿನಪುಡಿ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಹಾಗನ್ನುವವರ ಕಣ್ಣಿಗೆ ಅದು ಬಿದ್ದಿಲ್ಲ.

ಎರಡೂ ಕಣ್ಣು ಮುಚ್ಚಿಹೋದವು. ಬೆಂಕಿ ಇಟ್ಟಂತೆ ಉರಿ. ಬಲಗೈ ಇನ್ನೂ ಒಳಗಿದೆ, ಸುತ್ತ ಎಲ್ಲಿ ಏನಿದೆ ಅಂತ ಕಾಣುವುದಿಲ್ಲ. ಕೆಮ್ಮಿದರೆ ಕೈ ಅಲುಗುತ್ತದೆ ಅಂತ ಕೆಮ್ಮನ್ನೂ ನುಂಗಿಕೊಂಡೆ.

"ಅಯ್ಯ ಶಿವನ, ಖಾರ ಬಿತ್ತೇನ್ರಿ" ಅಂದರು ಗಿರಿಜಕ್ಕ.

"ಬಟನ್ ಆಫ್ ಮಾಡ್ರಿ ಅಕ್ಕಾರ" ಅಂದೆ. ಗಂಟಲಲ್ಲಿ ಘಾಟು, ಅರ್ಧ ಮಾತೂ ಹೊರಬರಲಿಲ್ಲ. ಅಷ್ಟರಲ್ಲಿ ಅವರ ಹೆಜ್ಜೆ ಸದ್ದು ಒಳಗೆ ಓಡಿತು.

ಒಳಗೆ ನೀರಿನ ಕೊಡದಲ್ಲಿ ಚರಿಗೆ ಮುಳುಗಿದ ಸದ್ದು...

ಬ್ಯಾಡಗಿಯಲ್ಲಿ ಯಾರ ಕಣ್ಣಿಗೆ ಖಾರ ಬಿದ್ದರೂ ಹತ್ತಿರ ಇದ್ದವರು ಕೇಳದೇ ಮುಖಕ್ಕೆ ನೀರು ಎರಚುತ್ತಾರೆ. ದಿನಾ ಮೆಣಸಿನಕಾಯಿ ಜೊತೆ ಇರುವವರಿಗೆ ಅದು ಉಸಿರಾಟದಂತೆ. ಈಗ ಈ ತಾಯಿ ಬರಿಗಾಲಲ್ಲಿ, ತುಂಬಿದ ಚರಿಗೆ ಹಿಡಿದು, ಬಿಚ್ಚಿಟ್ಟ ಮಷಿನ್ನಿನ ಕಡೆಗೆ ಓಡಿ ಬರುತ್ತಿದ್ದಾರೆ.

"ನೀರು ಬ್ಯಾಡ!"

"ಸುಮ್ನಿರ್ರಿ, ಕಣ್ಣು ಉಜ್ಜಬ್ಯಾಡ್ರಿ, ಬಂದೆ."

ಕೈ ಎಲ್ಲಿಗೆ ತಾಗುತ್ತದೋ ತಾಗಲಿ ಅಂತ ಹಿಂದಕ್ಕೆ ಎಳೆದುಕೊಂಡೆ. ಮೊಣಕೈಗೆ ಎಲ್ಲೋ ಫಟ್ ಅಂತ ಕರೆಂಟು ಹೊಡೆಯಿತು. ಬಿದ್ದೆ. ಬಿದ್ದಲ್ಲಿಂದಲೇ ಅವರ ಹೆಜ್ಜೆ ಸದ್ದಿನ ಕಡೆ ಕಾಲು ಚಾಚಿದೆ. ಅವರು ಎಡವಿ ಗೋಡೆಗೆ ಆತುಕೊಂಡ ಸದ್ದು, ಚರಿಗೆ ಠಣ್ ಅಂತ ನೆಲಕ್ಕೆ ಬಿತ್ತು.

ನೀರು ನನ್ನ ಅಂಗೈ ಕೆಳಗೆ ಹರಿದು ಮುಂದೆ ಹೋಗುತ್ತಿದೆ. ಮಷಿನ್ನಿಗೆ ಕರೆಂಟ್ ಕೊಟ್ಟ ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೇ ಇದೆ.

"ಅಕ್ಕಾರ, ಕಾಲು ಎತ್ತಬ್ಯಾಡ್ರಿ. ನಿಮ್ಮ ಬಾಜೂಕ ಗ್ವಾಡಿ ಮ್ಯಾಲ ಬಟನ್ ಐತಲ್ಲ, ಅದನ್ನ ಒತ್ತರಿ. ಲಗೂ."

ಟಕ್... ಸುಂಯ್ ಅನ್ನುವುದು ನಿಂತಿತು.

ಆಮೇಲೆ ಅವರೇ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಕಣ್ಣಿಗೆ ನೀರು ಹಾಕಿದರು. ನಾನು ಕಣ್ಣು ತೊಳೆಸಿಕೊಳ್ಳುತ್ತಲೇ ಅವರನ್ನು ಬೈಯುತ್ತಿದ್ದೆ. "ತಲಿ ಐತೇನ್ರಿ ನಿಮಗ? ಇಬ್ಬರೂ ಸಾಯ್ತಿದ್ವಿ ಇವತ್ತ."

ಗಿರಿಜಕ್ಕ ನನ್ನ ರೆಪ್ಪೆ ಬಿಡಿಸಿ ಹಿಡಿದರು. ಇನ್ನೊಂದು ಚರಿಗೆ ನೀರು ಹಾಕಿದರು.

ಆಮೇಲೆ ಮೆಲ್ಲಗೆ ಅಂದರು, "ನಿಮಗ ಗೊತ್ತಿತ್ತಲ್ಲರೀ ಅಣ್ಣಾರ. ಒಳಗ ಅಷ್ಟು ಕರೆಂಟ್ ಐತಿ, ನೀರು ತರಬ್ಯಾಡ್ರಿ ಅಂತ ನನಗ ಮೊದಲ ಒಂದ್ ಮಾತು ಹೇಳಿದ್ರೇನು?"

ಹೇಳಿರಲಿಲ್ಲ. ಮರೆತಿದ್ದಲ್ಲ. ಎಲ್ಲಾ ಬಿಡಿಸಿ ಹೇಳಿದರೆ ಮೆಕ್ಯಾನಿಕ್ ಅನ್ನುವ ಗತ್ತು ಎಲ್ಲಿ ಉಳಿಯುತ್ತದೆ ಅಂತ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ಆ ಗತ್ತಿಗೆ ಬರಿಗಾಲಲ್ಲಿ ಓಡಿ ಬಂದ ಹೆಣ್ಣುಮಗಳು ಬಲಿಯಾಗುತ್ತಿದ್ದಳು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಿಮ್ಮ ಕಸುಬಿನಲ್ಲಿ, ಪಕ್ಕದಲ್ಲಿ ನಿಂತವರಿಗೆ ನೀವು ಹೇಳದೇ ಇಟ್ಟುಕೊಂಡ ಮಾತು ಯಾವುದು?