ಒಂದಳತೆ ದೊಡ್ಡ ಪಿಟೀಲು

ನಮ್ಮ ಕಡೆ ಮಗುವಿಗೆ ಏನು ತಂದರೂ ಒಂದಳತೆ ದೊಡ್ಡದನ್ನೇ ತರುತ್ತೇವೆ. ಲಂಗ, ಚಪ್ಪಲಿ, ಯೂನಿಫಾರ್ಮು, ಸೈಕಲ್ಲು, ಎಲ್ಲವೂ ಹಾಗೆಯೇ. ಅಂಗಡಿಯವರು ಅಳತೆ ಕೇಳುವ ಮೊದಲೇ "ಬೆಳೆಯೋ ಮಗು" ಎಂದುಬಿಡುತ್ತೇವೆ. ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು, ಅಳತೆಯ ಬಗ್ಗೆ ವರ್ಷವಿಡೀ ಮಾತಾಡುವವನು, ಆರು ವರ್ಷದ ಮಗಳಿಗೆ ಪಿಟೀಲು ತರಲು ಬೆಂಗಳೂರಿಗೆ ಹೋದಾಗ ಅದನ್ನೇ ಹೇಳಿದೆ. ಮಕ್ಕಳ ಅಳತೆಯದೂ ಇದೆ ಸಾರ್ ಎಂದು ಅಂಗಡಿಯವನು ಎರಡು ಸಲ ಹೇಳಿದ. ನಾನು ದೊಡ್ಡವರು ನುಡಿಸುವ ಪೂರ್ತಿ ಅಳತೆಯದನ್ನೇ ಪೆಟ್ಟಿಗೆ ಸಮೇತ ಕಟ್ಟಿಸಿಕೊಂಡು ಬಂದೆ.

ಮಗಳು ಪಿಟೀಲು ಬೇಕೆಂದು ಕೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವಳು ಬಡಿಯುತ್ತಿದ್ದಳು, ಅಷ್ಟೆ. ಊಟದ ತಟ್ಟೆ, ಬಿಂದಿಗೆ, ಬಸ್ಸಿನ ಮುಂದಿನ ಸೀಟಿನ ಬೆನ್ನು, ಶ್ರೀನಿವಾಸಪುರದ ತನ್ನ ಅಜ್ಜಿಯ ಮನೆಗೆ ಹೋದರೆ ಅಲ್ಲಿ ಮಾವಿನಕಾಯಿ ತುಂಬುವ ಕ್ರೇಟುಗಳು. ಒಂದು ದಿನ ನನ್ನ ಹೆಂಡತಿ ಸಾರಿನ ಪಾತ್ರೆಯ ಮುಚ್ಚಳವನ್ನು ಅವಳ ಕೈಯಿಂದ ಕಿತ್ತುಕೊಂಡು, "ಇವಳನ್ನ ಯಾವುದಾದ್ರೂ ಸಂಗೀತದ ಕ್ಲಾಸಿಗೆ ಹಾಕ್ರೀ. ಇಲ್ದಿದ್ರೆ ಮನೇಲಿ ನೆಟ್ಟಗಿರೋ ಪಾತ್ರೆ ಒಂದೂ ಉಳಿಯಲ್ಲ" ಎಂದಳು.

ಸಂಗೀತ ಎಂಬ ಮಾತು ಬಿದ್ದ ಕೂಡಲೇ ನನ್ನ ತಲೆಯಲ್ಲಿ ಪಿಟೀಲು ತೀರ್ಮಾನವಾಗಿ ಹೋಯಿತು. ಅದಕ್ಕೆ ಕಾರಣ ಒಂದು ನೆನಪು. ಮುಳಬಾಗಿಲಿನಲ್ಲಿ ನಾವಿದ್ದ ಬೀದಿಯ ಕೊನೆಯಲ್ಲಿ ಪಿಟೀಲು ಮೇಷ್ಟ್ರ ಮನೆ. ನನಗೆ ಎಂಟು ವರ್ಷ. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾರೆ. ನಾನು ಕಂಬ ಹಿಡಿದು ನಿಂತು, ಪಿಟೀಲು ಕಲಿಯಬೇಕು ಎನ್ನುತ್ತೇನೆ. ಅಪ್ಪ ತಲೆ ಎತ್ತದೆ, "ಬೇಡ. ಓದ್ಕೋ ಹೋಗು" ಎನ್ನುತ್ತಾರೆ. ಈ ಕಥೆಯನ್ನು ನಾನು ಹಾಸ್ಟೆಲಿನಲ್ಲಿ ಹೇಳಿದ್ದೆ, ಮದುವೆಗೆ ಮೊದಲು ಹೆಂಡತಿಗೆ ಹೇಳಿದ್ದೆ, ತರಗತಿಯಲ್ಲೂ ಒಂದೆರಡು ಸಲ ಹೇಳಿದ್ದೆ. ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ನನ್ನ ಮಗಳು ಆ "ಬೇಡ" ಎಂಬ ಮಾತನ್ನು ಕೇಳಬಾರದು ಎಂದು ಹಟ ಹಿಡಿದೇ ಪಿಟೀಲು ತಂದಿದ್ದೆ.

ಕೋಲಾರದಲ್ಲಿ ಮನೆಯಲ್ಲೇ ಪಾಠ ಹೇಳುವ ಒಬ್ಬ ಟೀಚರ್ ಸಿಕ್ಕರು. ಮಗಳನ್ನು ಚಾಪೆಯ ಮೇಲೆ ಕೂರಿಸಿ, ಪಿಟೀಲನ್ನು ಅವಳ ಭುಜಕ್ಕೆ ಒರಗಿಸಿ, ಎಡಗೈ ಚಾಚು ಎಂದರು. ಕೈ ಚಾಚಿದರೆ ಪಿಟೀಲಿನ ಸುರುಳಿ ತಲೆ ಅಂಗೈಯೊಳಗೆ ಬರಬೇಕಂತೆ. ಮಗಳ ಬೆರಳುಗಳು ಅದಕ್ಕಿಂತ ಒಂದು ಗೇಣು ಹಿಂದೆಯೇ ಮುಗಿದುಹೋದವು.

"ಮಗು ಬೆಳೆಯುತ್ತೆ ಅಂತ ತಂದ್ರಾ?" ಎಂದರು ಟೀಚರ್.

"ಹೌದು."

"ಎಲ್ರೂ ಹಿಂಗೇ ತರ್ತಾರೆ. ಲಂಗ ಆದ್ರೆ ಮಡಚಿ ಹೊಲಿಬೋದು. ಇದನ್ನ ಎಲ್ಲಿ ಮಡಚೋಣ ಸಾರ್? ಭಾನುವಾರ ಬದಲಾಯಿಸ್ಕೊಂಡು ಬನ್ನಿ. ಸೋಮವಾರದಿಂದ ಶುರು ಮಾಡೋಣ."

ಮಗಳು ಅಷ್ಟು ಹೊತ್ತಿಗೆ ಪಿಟೀಲಿನ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಬೆನ್ನಿನ ಮೇಲೆ ಬಡಿಯುತ್ತಿದ್ದಳು. ಟೀಚರ್ ಅವಳತ್ತ ನೋಡಿದರು, ಆಮೇಲೆ ನನ್ನತ್ತ ನೋಡಿದರು. ನಾನು ಪೆಟ್ಟಿಗೆ ನೆಟ್ಟಗೆ ಮಾಡಿ ಪಿಟೀಲನ್ನು ಒಳಗಿಟ್ಟೆ.

ಆ ಭಾನುವಾರ ಮಗಳನ್ನೂ ಪಿಟೀಲನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಮಾಲೂರಿನ ಅಕ್ಕನ ಮನೆಯಲ್ಲಿ ಊಟ, ಅಲ್ಲಿಂದ ಬೆಂಗಳೂರು, ಅಂಗಡಿಯಲ್ಲಿ ಬದಲಾವಣೆ. ಅಕ್ಕ ಶಿಲ್ಪಿಗಳ ಊರಾದ ಶಿವಾರಪಟ್ಟಣದಲ್ಲಿ ಒಂದು ಪುಟ್ಟ ಕಲ್ಲಿನ ನಂದಿ ಮಾಡಲು ಹೇಳಿದ್ದಳು. ಅದನ್ನೂ ತಂದುಬಿಡು ಎಂದಿದ್ದರಿಂದ ಮೊದಲು ಅಲ್ಲಿ ನಿಲ್ಲಿಸಿದೆ.

ನಂದಿಗೆ ಇನ್ನೂ ಕೊನೆಯ ಉಜ್ಜುವ ಕೆಲಸ ಬಾಕಿ ಇತ್ತು. ಕಾಯುತ್ತಾ ಚಪ್ಪರದ ಕೆಳಗೆ ಕೂತೆವು. ವಯಸ್ಸಾದ ಶಿಲ್ಪಿಯೊಬ್ಬರು ಹೊಸ ಕಲ್ಲೊಂದಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. "ಒಳಗೆ ಸೀಳಿದ್ರೆ ಡಬ್ ಅಂತದೆ ಸಾ, ಗಟ್ಟಿ ಇದ್ರೆ ಗಂಟೆ ಥರ ಅಂತದೆ" ಎಂದು ನನಗೆ ವಿವರಿಸಿದರು. ಅದರ ಕಾರಣ ನನಗೆ ಗೊತ್ತಿತ್ತು. ಮಗಳಿಗೆ ಹೇಳಲು ತಿರುಗಿದರೆ ಅವಳು ಆ ಕಡೆ ನೋಡುತ್ತಲೇ ಇರಲಿಲ್ಲ. ಆಚೆ ಇಬ್ಬರು ಎದುರುಬದುರಾಗಿ ಕೂತು ಉಳಿ ಹೊಡೆಯುತ್ತಿದ್ದರು. ಅವಳ ಕಣ್ಣು ಅವರ ಮೇಲಿತ್ತು.

"ಅಪ್ಪ, ಆ ಮಾಮ ಮೂರು ಹೊಡೆದು ಊದ್ತಾರೆ. ಈ ಮಾಮ ನಾಲ್ಕು ಹೊಡೆದು ಊದ್ತಾರೆ."

"ಹ್ಞೂಂ, ಧೂಳು ಊದ್ತಾರೆ."

"ಅದಲ್ಲ. ಒಂದೊಂದ್ಸಲ ಇಬ್ರೂ ಒಟ್ಟಿಗೆ ಊದ್ತಾರೆ. ಆಗ ಸದ್ದೇ ಇರಲ್ಲ. ನೋಡು, ಬರುತ್ತೆ. ಬರುತ್ತೆ. ಈಗ."

ಒಂದು ಕ್ಷಣ ಎರಡೂ ಉಳಿಗಳ ಸದ್ದು ನಿಂತಿತು. ಕಾಕತಾಳೀಯ ಎಂದುಕೊಂಡೆ. ಇನ್ನೊಂದು ಸಲ ಹೇಳು ಎಂದೆ. ಅವಳು ತೊಡೆಯ ಮೇಲೆ ಬೆರಳಾಡಿಸುತ್ತಾ ಕಾದು ಮತ್ತೆ "ಈಗ" ಎಂದಳು. ನಿಂತಿತು. ಒಟ್ಟು ಆರು ಸಲ ಪರೀಕ್ಷಿಸಿದೆ. ನಾಲ್ಕು ಸಲ ಸರಿಯಾಯಿತು. ತಪ್ಪಿದ ಎರಡು ಸಲವೂ ಅವಳ ತಪ್ಪಲ್ಲ. ಒಮ್ಮೆ ಒಬ್ಬರು ಫೋನ್ ಎತ್ತಿಕೊಂಡರು, ಇನ್ನೊಮ್ಮೆ ಉಳಿ ಬದಲಾಯಿಸಿದರು. ನಾನೂ ಎಣಿಸಲು ನೋಡಿದೆ. ಒಬ್ಬರ ಲೆಕ್ಕ ಹಿಡಿದರೆ ಇನ್ನೊಬ್ಬರದು ತಪ್ಪುತ್ತಿತ್ತು. ಹಿರಿಯ ಶಿಲ್ಪಿ ಕೈಯಲ್ಲಿದ್ದ ಸುತ್ತಿಗೆ ನಿಲ್ಲಿಸಿ, "ಪಾಪು ಒಳ್ಳೇ ಕಿವಿ ಇಟ್ಕೊಂಡವ್ಳೆ ಸಾ" ಎಂದರು.

ನಂದಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮಾಲೂರು ಮುಟ್ಟಿದೆವು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಂದಿಗಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಪಿಟೀಲಿನ ಪೆಟ್ಟಿಗೆ.

"ಏನ್ಲಾ ಇದು, ಮಗೂನ ಇದರೊಳಗೆ ಹಾಕಿ ಬೀಗ ಹಾಕ್ಬೋದಲ್ಲೋ."

ನಾನು ಬಿಗುಮಾನದಿಂದಲೇ ಹೇಳಿದೆ, ಅಳತೆ ಬದಲಾಯಿಸಲು ಹೊರಟಿದ್ದೇನೆ, ಅಪ್ಪ ನನಗೆ ಬೇಡ ಎಂದದ್ದನ್ನು ನಾನು ಮಗಳಿಗೆ ಕೊಡಿಸುತ್ತಿದ್ದೇನೆ ಎಂದು. ಅಕ್ಕ ಮುದ್ದೆಗೆ ಸಾರು ಹಾಕುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ನಿನಗೆ ಬೇಡ ಅಂದ್ರಾ? ನಿನ್ನನ್ನ ಬೈದು ಬೈದು ಕಳಿಸ್ತಿದ್ರು ಕಣೋ. ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೋಳು ನಾನು. ಮೂರು ವಾರಕ್ಕೇ ಹೊಟ್ಟೆನೋವು ಅಂತ ಬಿಟ್ಟೋನು ನೀನು."

"ನಾನು ಕೇಳಿದ್ದು ನೆನಪಿದೆ ಅಕ್ಕ. ಅಪ್ಪ ಕಾಲು ತೊಳೀತಿದ್ರು."

"ಕಾಲು ತೊಳೀತಿದ್ದಿದ್ದು ನಿಜ. ಕೇಳಿದ್ದು ನಾನು. ನೀನು ಕಂಬದ ಹತ್ರ ನಿಂತು ಹುರಿಗಾಳು ತಿಂತಿದ್ದೆ. ಆಡಪಿಲ್ಲಕಿ ಇದಂತಾ ಎಂದುಕು ಅಂದ್ರು ಅಪ್ಪ. ಅಂದು, ನಿನ್ನನ್ನ ಸೇರಿಸಿದ್ರು. ನೀನು ಒಳಗೆ ಕಲಿಯೋದು, ನಾನು ಜಗಲಿ ಮೇಲೆ ಕೂತು ಕೇಳೋದು. ತಿನ್ನು, ಆರೋಗುತ್ತೆ."

ಹೆಣ್ಣು ಮಗುವಿಗೆ ಇದೆಲ್ಲ ಯಾಕೆ ಎಂದರ್ಥ. ಅಪ್ಪ ಆಡಿದ್ದರೆ ತೆಲುಗಿನಲ್ಲೇ ಆಡಿರಬೇಕು. ಹೊಲ, ಸಂತೆ, ಕಚೇರಿಗೆ ಅವರದು ಕನ್ನಡ. ಮನೆಯೊಳಗೆ ಬೈಗುಳವೂ ನಿರಾಕರಣೆಯೂ ತೆಲುಗಿನಲ್ಲೇ. ಹಾಗಿದ್ದರೆ ನನ್ನ ನೆನಪಿನ ಅಪ್ಪ ಅಷ್ಟು ಅಚ್ಚುಕಟ್ಟಾದ ಕನ್ನಡದಲ್ಲಿ "ಬೇಡ. ಓದ್ಕೋ ಹೋಗು" ಎಂದದ್ದು ಎಲ್ಲಿಂದ ಬಂತು? ಹಾಸ್ಟೆಲಿನ ಗೆಳೆಯರಿಗೆ ತೆಲುಗು ಬರುತ್ತಿರಲಿಲ್ಲ. ಅವರಿಗಾಗಿ ಕನ್ನಡ ಮಾಡಿ ಹೇಳಿದ್ದೇ ಕೊನೆಗೆ ನೆನಪಾಗಿ ನಿಂತಿತೇ? ಇನ್ನೊಂದು ವಿಷಯವೂ ಆಗ ಹೊಳೆಯಿತು. ಮೇಷ್ಟ್ರ ಮನೆಯ ಚಾಪೆಗೆ ಕೆಂಪು ಅಂಚು ಇದ್ದದ್ದು ನನಗೆ ಗೊತ್ತು. ಗೋಡೆಯ ಮೊಳೆಯಲ್ಲಿ ಕಮಾನು ತೂಗುತ್ತಿದ್ದದ್ದೂ ಗೊತ್ತು. ಒಳಗೆ ಬಿಟ್ಟೇ ಇಲ್ಲದ ಹುಡುಗನಿಗೆ ಚಾಪೆಯ ಅಂಚು ಹೇಗೆ ಗೊತ್ತಾಗುತ್ತದೆ?

ಅಪ್ಪ ಇಲ್ಲ, ಮೇಷ್ಟ್ರೂ ಇಲ್ಲ. ಅಕ್ಕನ ನೆನಪು ನೂರಕ್ಕೆ ನೂರು ಸರಿ ಎಂದು ನಾನು ಈಗಲೂ ಬರೆದು ಸಹಿ ಹಾಕಲಾರೆ. ಆದರೆ ಅಪ್ಪ ಹಾಗೆ ಮಾಡಿದ್ದರೆ, ಕೇಳಿದವಳಿಗೆ ಕೊಡದೆ ಕೇಳದವನ ಕೈಗೆ ಪಿಟೀಲು ಕೊಟ್ಟಿದ್ದರೆ, ಮೂವತ್ತೈದು ವರ್ಷದ ಮೇಲೆ ನಾನು ಮಾಡಲು ಹೊರಟದ್ದೂ ಅದನ್ನೇ. ಇದಕ್ಕೆ ನೆನಪಿನ ಸಾಕ್ಷಿ ಬೇಕಿರಲಿಲ್ಲ. ಮಗಳು ಎದುರಿಗೇ ಕೂತು ಚೊಂಬಿನ ಮೇಲೆ ಎರಡು ಕೈಯಲ್ಲೂ ಬೆರಳಾಡಿಸುತ್ತಿದ್ದಳು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು.

"ಪಾಪು, ನಿನಗೆ ಏನು ಕಲಿಬೇಕು?" ಎಂದೆ. ಅದುವರೆಗೆ ನಾನು ಅವಳನ್ನು ಇದನ್ನು ಕೇಳಿಯೇ ಇರಲಿಲ್ಲ.

"ಹೊಡೆಯೋದು."

"ಪಿಟೀಲು?"

"ಅದರಲ್ಲಿ ಹೊಡೆಯೋಕೆ ಬಿಡಲ್ಲ."

"ಮೃದಂಗ ಕೊಡಿಸೋ. ಅಮ್ಮಾಯಿ ಬಾಯಿ ಬಿಟ್ಟು ಹೇಳ್ತಾ ಇದೆ, ಇನ್ನೇನು ಅರ್ಜಿ ಬರ್ಕೊಡಬೇಕಾ?" ಎಂದಳು ಅಕ್ಕ.

ಬೆಂಗಳೂರಿಗೆ ಹೋಗಲಿಲ್ಲ. ಹೆಂಡತಿಗೆ ಫೋನ್ ಮಾಡಿ ಹೇಳಿದೆ. "ಮುಚ್ಚಳ ಬಡಿಯೋ ಮಗೂಗೆ ಪಿಟೀಲು ತಂದೋರು ನೀವು. ಈಗ ನನಗೆ ಹೊಸ ಸುದ್ದಿ ಹೇಳೋ ಥರ ಹೇಳ್ತೀರಲ್ಲ" ಎಂದು ಇಟ್ಟುಬಿಟ್ಟಳು. ಒಳಗೆ ಬಂದರೆ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಪಿಟೀಲಿನ ಸುರುಳಿ ತಲೆಯನ್ನು ಕಾಲಿನ ಗಿಣ್ಣಿಗೆ ಆನಿಸಿಕೊಂಡಿದ್ದಳು. ಕಮಾನು ಪೆಟ್ಟಿಗೆಯಲ್ಲೇ ಇತ್ತು. ಎಡಗೈ ಬೆರಳುಗಳನ್ನು ಮಾತ್ರ ತಂತಿಯ ಮೇಲೆ ಒಂದೊಂದಾಗಿ ಇಡುತ್ತಿದ್ದಳು. ಪಿಟೀಲು ಅವಳ ಕೈಗೆ ಸರಿಯಾಗಿತ್ತು.

"ಇಲ್ಲೇ ಇರಲಿ ಅಕ್ಕ" ಎಂದೆ.

"ನನಗ್ಯಾಕೋ ಈ ವಯಸ್ಸಲ್ಲಿ. ತಗೊಂಡು ಹೋಗು, ಇಲ್ಲಿ ಧೂಳು" ಎಂದಳು. ಎಂದಳೇ ಹೊರತು ಎದ್ದು ಪೆಟ್ಟಿಗೆಗೆ ಹಾಕಲಿಲ್ಲ. ನಾವು ಹೊರಡುವಾಗಲೂ ಅದು ಅವಳ ಮಡಿಲಲ್ಲೇ ಇತ್ತು.

ಪಿಟೀಲು ಟೀಚರ್ ತಾವೇ ಒಬ್ಬ ಮೃದಂಗದ ಮೇಷ್ಟ್ರ ವಿಳಾಸ ಕೊಟ್ಟರು. ಆ ಮೇಷ್ಟ್ರು ನನ್ನನ್ನು ಬಾಗಿಲಲ್ಲೇ ವಿಚಾರಿಸಿಕೊಂಡರು.

"ಹೆಣ್ಣು ಮಗು. ಬೆರಳು ಗಟ್ಟಿ ಆಗುತ್ತೆ, ಮನೆಯೋರು ಏನೋ ಅಂತಾರೆ. ನಾಳೆ ಬಂದು ಬಿಡಿಸ್ತೀನಿ ಅನ್ನಬಾರದು."

"ಅನ್ನಲ್ಲ."

"ಮೃದಂಗ ತಂದುಬಿಟ್ರಾ?"

"ಇಲ್ಲ."

"ಒಳ್ಳೇದು ಮಾಡಿದ್ರಿ. ಮೊದಲು ಬಾಯಲ್ಲಿ, ಆಮೇಲೆ ಹಲಗೆ ಮೇಲೆ, ಆಮೇಲೆ ನೋಡೋಣ." ಮಗಳನ್ನು ಕೂರಿಸಿ, ಮೃದಂಗದ ಎರಡು ಬದಿಗೆ ಇಡುವ ಹಾಗೆ ಕೈ ಹಿಡಿಸಿ, ದಾರ ಹಿಡಿದು ಅವಳ ಎರಡೂ ಅಂಗೈಗಳ ನಡುವಿನ ಅಂತರ ಅಳೆದು, ಗಂಟು ಹಾಕಿ ನನ್ನ ಕೈಗೆ ಕೊಟ್ಟರು. "ಹೇಳಿದಾಗ ಇಷ್ಟುದ್ದದ್ದು ತನ್ನಿ. ಒಂದಂಗುಲ ಜಾಸ್ತಿ ಬೇಡ."

ಈಗ ವಾರಕ್ಕೆ ಎರಡು ದಿನ ಹೋಗುತ್ತೇವೆ. ಅವಳು ಒಳಗೆ, ಹಲಸಿನ ಹಲಗೆಯ ಮುಂದೆ, ತ ದಿ ತೊಂ ನಂ. ನಾನು ಹೊರಗೆ ಜಗಲಿಯ ಮೇಲೆ. ಪಾಠ ಮುಗಿದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡುತ್ತೇನೆ. ನನ್ನ ತಲೆಯನ್ನು ನಂಬಿ ಬಿಡುವ ಹಾಗಿಲ್ಲ. ಅದರ ಮೊದಲ ಪುಟಕ್ಕೆ ಮೇಷ್ಟ್ರು ಕೊಟ್ಟ ದಾರವನ್ನು ಅಂಟಿಸಿದ್ದೇನೆ. ಕೆಳಗೆ ಬರೆದಿರುವುದು ಇಷ್ಟೇ: ಹೊಡೆಯೋದು ಕಲಿಬೇಕು ಅಂತ ಕೇಳಿದ್ದು ಅವಳೇ. ಮಾಲೂರಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅವಳ ಅತ್ತೆಯ ಎದುರಿಗೆ.