ಎಲೀಷ ಅಮ್ಮನ್ನರ ಸಾಕ್ಷಿ

ರೈಲ್ವೆ ಗುಮಾಸ್ತರಾಗಿದ್ದ ಎಲೀಷ ಅಮ್ಮನ್ನರು ಹುಬ್ಬಳ್ಳಿ ಬಿಟ್ಟು ಚೆನ್ನೈನ ರಾಯಪುರಂ ಸೇರಿ ಬಹಳ ವರ್ಷಗಳಾಗಿದ್ದವು. ಹುಟ್ಟಿನಿಂದ ಕ್ರೈಸ್ತರಾದರೂ, 2003ರಲ್ಲಿ ಅಲ್ಲಿನ ಕನ್ನಡಿಗರಿಗೆಂದು ಶುರುವಾದ ಹೊಸ ಪ್ರಾರ್ಥನಾ ಸಭೆಯ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ. ಹೆಂಡತಿ ಸುಗುಣಾ ಮಾತ್ರ, ಅಲ್ಲಿ ಪ್ರಾರ್ಥಿಸಿ ಕೊಡುವ ಎಣ್ಣೆ ಹಚ್ಚಿಸಿಕೊಂಡ ಮೇಲೆ ತಲೆನೋವು ನಿಂತಿತೆಂದು ಹಿಗ್ಗಿದ್ದಳು. ಅದೇ ವಾರ ಅವಳ ಕನ್ನಡಕವೂ ಬದಲಾಗಿತ್ತು.

ಒಂದು ಭಾನುವಾರ ಸಭೆಯ ಪಾಸ್ಟರು, ಕೋಲಾರದ ಕಡೆಯವರು, ಹೆಂಡತಿಯ ಜೊತೆ ಬಂದಿದ್ದ ಎಲೀಷರ ಹೆಗಲ ಮೇಲೆ ಕೈಯಿಟ್ಟರು. "ದೇವರು ನಿಮ್ಮ ಮನೇಲಿ ಮಾಡಿದ್ದನ್ನ ಇವತ್ತು ನೀವು ಎಲ್ಲರ ಮುಂದೆ ಸಾಕ್ಷಿ ಹೇಳ್ಬೇಕು ಸಾರ್. ನಿಮ್ಮ ಮನೆಯವ್ರನ್ನ ಡಾಕ್ಟರು ಕೈಬಿಟ್ಟಿದ್ರು, ಎಣ್ಣೆಯಿಂದ ವಾಸಿಯಾಯ್ತು ಅನ್ನಿ."

"ಕೈ ಬಿಟ್ಟಿರಲಿಲ್ಲಲ್ರೀ."

"ಕೇಳಿದೋರು ನಂಬಿಕೆಗೆ ಬರ್ತಾರೆ. ಯಾವುದು ಫಲ ಕೊಡುತ್ತೋ ಅದೇ ಸತ್ಯ."

ಎಲೀಷರಿಗೆ ಆ ಮಾತು ಚುಚ್ಚಿತು. "ಹಂಗಂದ್ರ ಶಿಲುಬಿ ಮ್ಯಾಲೆ ಸತ್ತಾಗ ಯೇಸು ಸುಳ್ಳಾಗಿದ್ನೇನ್ರೀ? ಅವತ್ತು ಯಾವ ಫಲಾನೂ ಕಾಣಲಿಲ್ಲ. ಶಿಷ್ಯರು ಸೈತ ಓಡಿಹೋಗಿದ್ರು."

ಪಾಸ್ಟರು ನಕ್ಕು ಮೈಕನ್ನು ಅವರ ಕೈಗೆ ತುರುಕಿದರು. ಎಲೀಷರು ನಡೆದದ್ದನ್ನಷ್ಟೇ ಹೇಳಿದರು: ಹೆಂಡತಿಯ ತಲೆನೋವು ನಿಂತಿದೆ, ಕನ್ನಡಕವೂ ಬದಲಾಗಿದೆ, ಎರಡಕ್ಕೂ ದೇವರಿಗೆ ಸ್ತೋತ್ರ. ಸಭೆ ಮುಖಮುಖ ನೋಡಿಕೊಂಡಿತು. ಪಾಸ್ಟರು ಮೈಕು ಕಸಿದುಕೊಂಡು ಹಾಡು ಶುರುಮಾಡಿದರು.

ಮನೆಯ ದಾರಿಯಲ್ಲಿ ಸುಗುಣಾ ಸಿಡುಕಿದಳು. "ಎಣ್ಣಿಯಿಂದ ಆಗಿಲ್ಲ ಅಂತೀರೇನು?"

"ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ದೇವರ ಹೆಸರಿಲೆ ಹೆಂಗ ಹೇಳ್ಲಿ?"

"ನೋವು ತಿರುಗಿ ಬಂದ್ರ?"

"ಬಂದ್ರ ಬರ್ಲಿ. ಆಗೂ ದೇವರು ದೇವರಾಗೇ ಇರ್ತಾನ."

ಮುಂದಿನ ಭಾನುವಾರ ಸುಗುಣಾ ಒಬ್ಬಳೇ ಸಭೆಗೆ ಹೋದಳು. ಮರಳಿ ಬಂದವಳು ಸೆರಗಿನಿಂದ ಬೆವರೊರೆಸಿಕೊಳ್ಳುತ್ತಾ, ಅಂದು ಸಾಕ್ಷಿ ಹೇಳಿದ ಹೆಂಗಸನ್ನು ಪಕ್ಕಕ್ಕೆ ಕರೆದು, ನಿಜಕ್ಕೂ ಏನು ಕಾಯಿಲೆಯಿತ್ತೆಂದು ವಿಚಾರಿಸಿದೆ ಎಂದಳು.