ಗೋಡೆಯ ಮೇಲೆ ಜಾರಿದ ನೆರಳು

ಬಣ್ಣದ ವಿಷಯದಲ್ಲಿ ಆ ಪೇಂಟರ್‌ಗೆ ಮೊದಲಿನಿಂದಲೂ ಹಟ. ಗಿರಾಕಿ "ಬಿಳಿ ಬಳಿದುಬಿಡಿ" ಎಂದರೆ "ಯಾವ ಬಿಳಿ?" ಎಂದು ಕೇಳಿ ತಲೆ ತಿನ್ನುವವರು. ಇಪ್ಪತ್ತಾರು ವರ್ಷಗಳಿಂದ ಅದೇ ಕೆಲಸ. ಮನೆಯಲ್ಲಿ ಗಂಡ ನಾಲ್ಕು ಮಾತಾಡಿದರೆ ಮೂರು ಬಣ್ಣದ್ದೇ ಎಂದು ಹೆಂಡತಿ ನಗುತ್ತಿದ್ದರು.

ಅಂದು ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಹೊಸ ಕಟ್ಟಡವೊಂದರ ಮೂರನೆಯ ಮಹಡಿಯ ಎತ್ತರದಲ್ಲಿ, ಕೆಲಸಕ್ಕೆಂದು ಕಟ್ಟಿದ ಸಾರುವೆಯ ಹಲಗೆಯ ಮೇಲೆ ಗೋಡೆಗೆ ಮುಖ ಮಾಡಿ ನಿಂತು, ಅವರು ಉಳಿದ ಒಂದು ಮೂಲೆ ಮುಗಿಸುತ್ತಿದ್ದರು. ಬೆಳಕು ಸಾಲದೆ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಎದುರಿನ ಬಿಳಿ ಗೋಡೆಯ ಮೇಲೆ ಅವರದೇ ನೆರಳು ಮೂಡಿತು. ಪಕ್ಕದಲ್ಲಿ, ಬಕೆಟ್ ನೇತುಹಾಕುವ ಬಿದಿರು ಗಳುವಿನ ನೆರಳು. ಕತ್ತರಿಸಿಟ್ಟಂತೆ ಚೂಪಾಗಿದ್ದ ಆ ಎರಡೂ ನೆರಳುಗಳು ನೋಡನೋಡುತ್ತಲೇ ಬಲಕ್ಕೆ ಜಾರತೊಡಗಿದವು.

ಕೈಯಲ್ಲಿ ಬ್ರಷ್ ಹಿಡಿದೇ ಅವರು ತಿರುಗಿದರು.

ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಸಾಗುತ್ತಿತ್ತು. ಆತುರವೇ ಇಲ್ಲ, ಸದ್ದೂ ಇಲ್ಲ. ತಲೆ ಹಸಿರು, ಬಾಲ ಕೆಂಡದ ಬಣ್ಣ. ಕೆಳಗಿನ ಬೀದಿ, ನಿಂತ ಲಾರಿ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಹಗಲಿನಂತೆ ಕಂಡವು. ದೂರದ ನೀರಿನ ಟ್ಯಾಂಕಿನ ಎಡಕ್ಕೆ ಅದು ಮೂರು ಚೂರಾಗಿ ಒಡೆದು, ಒಂದೊಂದಾಗಿ ಆರಿತು. ಅಷ್ಟು ದೊಡ್ಡದು ಅಷ್ಟು ಮೆತ್ತಗೆ ಹೋಗಿಬಿಟ್ಟಿತಲ್ಲ ಎಂದು ಅವರ ಮೈ ಜುಮ್ಮೆಂದಿತು.

ಆದರೂ ಕೈ ಸುಮ್ಮನಿರಲಿಲ್ಲ. ಗಳುವಿನ ತುದಿಯ ನೆರಳು ಮೊದಲು ಬಿದ್ದದ್ದು ಪುಟ್ಟಿ ಮೆತ್ತಿದ ಕಡೆ, ತಾನು ತಿರುಗುವ ಮುನ್ನ ಮುಟ್ಟಿದ್ದು ಕಿಟಕಿಯ ಅಂಚು. ಮರೆಯುವ ಮೊದಲೇ ಪೆನ್ಸಿಲ್‌ನಲ್ಲಿ ಎರಡೂ ಕಡೆ ಗುರುತು ಹಾಕಿದರು. ಎರಡನೆಯದು ಮುಗಿಯುವಷ್ಟರಲ್ಲಿ ಆಕಾಶ ಗುಡುಗಿತು. ಸಾರುವೆ ಅದುರಿತು. ಅವರು ಗಳುವನ್ನು ತಬ್ಬಿಕೊಂಡು ನಿಂತುಬಿಟ್ಟರು.

ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದರೆ ಆ ಕಡೆಯವನು, "ಯಾರೋ ಪಟಾಕಿ ಹಾರಿಸಿರ್ತಾರೆ, ಬಿಡಿ ಸಾರ್" ಎಂದ.

ಮನೆಯಲ್ಲಿ ಹೆಂಡತಿ ಮಾತ್ರ ಬಿಡಲಿಲ್ಲ. "ಅವನು ನೋಡಿದ್ನಾ? ನೋಡಿದೋರು ನೀವು. ಯಾರಾದ್ರೂ ಕೇಳೋವರೆಗೂ ಹೇಳಿ."

ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ, ಉಲ್ಕೆ ಕಂಡವರು ತುಂಬಿ ಕಳಿಸುವ ಖಗೋಳ ವೀಕ್ಷಣಾಲಯವೊಂದರ ಅರ್ಜಿ ಹುಡುಕಿ ತೆಗೆದಳು. "ಅಪ್ಪಾ, ಬಣ್ಣ ಯಾವುದು ಅಂತ ಕೇಳಿದಾರೆ. ಹಸಿರು ಅಂತ ಒತ್ತಲಾ?"

"ಹಸಿರು ಅಂದ್ರೆ ಯಾವ ಹಸಿರಮ್ಮಾ? ಎಲೆ ಹಸಿರಲ್ಲ. ಬಿಳಿಗೆ ನಿಂಬೆಕಾಯಿ ಹಸಿರು ಎರಡೇ ಹನಿ ಹಾಕಿದ್ರೆ ಬರುತ್ತಲ್ಲ, ಅದು."

"ಇಲ್ಲಿ ಅಷ್ಟೆಲ್ಲ ಜಾಗ ಇಲ್ಲಪ್ಪಾ."

"ಜಾಗ ಇರೋ ಕಡೆ ಬರಿ."

ಕೊನೆಯ ಖಾನೆಯಲ್ಲಿ ಅವಳು ಅದನ್ನೂ ಬರೆದಳು, ಗೋಡೆಯ ಗುರುತುಗಳನ್ನೂ ಬರೆದಳು. ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ಹೆಂಗಸಿನ ದನಿ, ವೀಕ್ಷಣಾಲಯದ ವಿಜ್ಞಾನಿಯಂತೆ. "ಆ ಗುರುತು ಇನ್ನೂ ಇದೆಯಾ? ದಯವಿಟ್ಟು ಅಳಿಸಬೇಡಿ, ಮಧ್ಯಾಹ್ನದೊಳಗೆ ಬರ್ತೀನಿ."

ಕಟ್ಟಡದ ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು. "ಎರಡನೇ ಕೋಟ್ ಇವತ್ತೇ ಆಗ್ಬೇಕು ಅಂದಿದ್ನಲ್ಲ?"

"ಬೇರೆ ಗೋಡೆ ಎಲ್ಲ ಬಳಿತೀನಿ ಸಾರ್. ಇದನ್ನ ಮಾತ್ರ ಮುಟ್ಟಲ್ಲ" ಎಂದರು ಪೇಂಟರ್. ಗಿರಾಕಿಗೆ ಅವರು ಹಾಗೆ ಎದುರಾಡಿದ್ದು ಅದೇ ಮೊದಲು.

ಹೇಳಿದಂತೆ ಬಂದ ವಿಜ್ಞಾನಿ ಮುಕ್ಕಾಲಿಯ ಮೇಲೆ ಅಳತೆಯ ಯಂತ್ರವಿಟ್ಟು, ಗಳುವಿನ ತುದಿಯಿಂದ ಎರಡೂ ಗುರುತುಗಳಿಗೆ ಕೋನ ಅಳೆದರು. ಆಮೇಲೆ ಪೇಂಟರ್, ತಾವು ಹಿಂದಿನ ಸಂಜೆ ನಿಂತಿದ್ದ ಜಾಗದಲ್ಲೇ ನಿಂತು, ಉಂಡೆ ಆರಿದ ಕಡೆಗೆ ಬೆರಳು ತೋರಿಸಿದರು.

"ದೂರದ ಊರಲ್ಲಿ ಒಂದು ಕ್ಯಾಮೆರಾಗೆ ಇದು ಸಿಕ್ಕಿದೆ. ಆದರೆ ಒಂದೇ ಕಡೆಯಿಂದ ನೋಡಿದ್ರೆ ಎಲ್ಲಿ ಬಿತ್ತು ಅಂತ ಹೇಳೋಕಾಗಲ್ಲ" ಎಂದರು ಆಕೆ. "ಗಳುವಿನ ನೆರಳು ಬಿದ್ದ ಜಾಗದಿಂದ ಬೆಳಕು ಯಾವ ದಿಕ್ಕಿಂದ ಬಂತು ಅಂತ ಗೊತ್ತಾಗುತ್ತೆ; ಇನ್ನೊಂದು ಕಡೆ ನೀವು ಕೊಟ್ರಿ."

ಹನ್ನೊಂದನೆಯ ದಿನ, ಒಣಗಿದ ಕೆರೆಯಂಗಳದಲ್ಲಿ ಹುಡುಕುತ್ತಿದ್ದ ವೀಕ್ಷಣಾಲಯದವರಿಗೆ ಆಕಾಶದಿಂದ ಬಿದ್ದ ಕಲ್ಲು ಸಿಕ್ಕಿತು. ಆ ಭಾನುವಾರ ಗಂಡ ಹೆಂಡತಿ ಬಸ್ಸು ಹತ್ತಿ ವೀಕ್ಷಣಾಲಯಕ್ಕೆ ಹೋದರು. ವಿಜ್ಞಾನಿ ಇಬ್ಬರಿಗೂ ಕೈಗವಸು ಕೊಟ್ಟು, ಮುಷ್ಟಿಗಾತ್ರದ ಕಲ್ಲನ್ನು ಪೇಂಟರ್ ಅವರ ಅಂಗೈಯಲ್ಲಿಟ್ಟರು. ಹೊರಗೆಲ್ಲ ಸುಟ್ಟು ಕಪ್ಪಾಗಿತ್ತು; ಒಡೆದ ಒಂದು ಮಗ್ಗುಲಲ್ಲಿ ಬೂದು ಬಣ್ಣ, ಅದರಲ್ಲಿ ಸೂಜಿಮೊನೆಯಷ್ಟು ಮಿನುಗು. ಗಾತ್ರಕ್ಕೆ ಮೀರಿದ ಭಾರ.

"ಎಷ್ಟು ಹಳೇದು ಮೇಡಂ ಇದು?"

"ನಾನೂರೈವತ್ತು ಕೋಟಿ ವರ್ಷದ ಮೇಲೆ. ನಾವು ನಿಂತಿರೋ ಈ ಭೂಮಿ ಪೂರ್ತಿ ಆಗೋಕೆ ಮುಂಚೆನೇ ಇದು ಕಲ್ಲಾಗಿತ್ತು."

ಪೇಂಟರ್ ಕಲ್ಲನ್ನು ಹೆಂಡತಿಯ ಕೈಗೆ ದಾಟಿಸಿದರು. ಆಕೆ ಅದನ್ನು ಕಿವಿಯ ಹತ್ತಿರ ಹಿಡಿದು ಒಂದು ಕ್ಷಣ ಆಲಿಸಿದರು, ಆಮೇಲೆ ನಾಚಿಕೊಂಡು ಹಿಂದಕ್ಕೆ ಕೊಟ್ಟರು. ವಿಜ್ಞಾನಿ ನಗಲಿಲ್ಲ. "ನಾನೂ ಮೊದಲ ದಿನ ಹಾಗೇ ಮಾಡಿದ್ದೆ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ ಮೇಲೆ ಪೇಂಟರ್‌ಗೆ ಎಚ್ಚರವಾಯಿತು. ಅಷ್ಟು ಹೊತ್ತೂ, ಕಲ್ಲು ಹಿಡಿದಿದ್ದ ಬಲ ಅಂಗೈಯನ್ನು ಮಡಿಲಲ್ಲಿ ಬಿಚ್ಚಿಯೇ ಇಟ್ಟುಕೊಂಡಿದ್ದರು.